ಕ್ಯಾಮೆರಾ ಸೆನ್ಸರ್ ಕ್ಲೀನಿಂಗ್ ಸ್ವಾಬ್ ಕಿಟ್: ಮಲೆನಾಡಿನ ಧೂಳಿಗೆ ಇದು ಸಾಕಾ?

ಪೂರ್ತಿ ಓದೋಕೆ ಪುರುಸೊತ್ತಿಲ್ದೋರು ಇಷ್ಟು ತಿಳ್ಕೊಂಡು ಹೋಗಿ. ಕ್ಯಾಮೆರಾ ಒಳಗೆ ಫೋಟೋ ಮೂಡೋ ಸೆನ್ಸರ್ ಮೇಲೆ ಧೂಳು ಕೂತ್ರೆ ಫೋಟೋದಲ್ಲಿ ಚುಕ್ಕೆ ಬೀಳುತ್ತೆ, ಅದನ್ನ ಒರೆಸೋ ಕಿಟ್ ಇದು. ಕಿಟ್‌ನಲ್ಲಿ ಬರೋ ಸ್ವಾಬ್‌ಗೆ (ತುದಿಗೆ ಬಟ್ಟೆ ಇರೋ ಒರೆಸೋ ಕಡ್ಡಿ) ಐದಕ್ಕೆ ನಾಲ್ಕು, ಲಿಕ್ವಿಡ್‌ಗೆ ಎರಡು, ಜೊತೆಗೆ ಫ್ರೀ ಅಂತ ತುರುಕಿರೋ ಬ್ಲೋವರ್‌ಗೆ (ಒತ್ತಿ ಗಾಳಿ ಊದೋ ರಬ್ಬರ್ ಬುರುಡೆ) ದೊಡ್ಡ ಸೊನ್ನೆ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಆನ್‌ಲೈನ್‌ನಲ್ಲಿ ಇದೇ ಡಬ್ಬಿ ಬೇರೆ ಬೇರೆ ಸ್ಟಿಕ್ಕರ್ ಅಂಟಿಸ್ಕೊಂಡು ನಾನಾ ಹೆಸರಲ್ಲಿ ಓಡಾಡ್ತಿದೆ, ಯಾವ್ದು ತರಿಸಿದ್ರೂ ಒಳಗಿರೋ ಸಾಮಾನು ಹೆಚ್ಚುಕಮ್ಮಿ ಒಂದೇ. ಹನ್ನೆರಡು ಸ್ವಾಬ್, ಒಂದು ಪುಟಾಣಿ ಬಾಟ್ಲು ಲಿಕ್ವಿಡ್, ಬ್ಲೋವರ್, ಒಂದು ತುಂಡು ಮೈಕ್ರೋಫೈಬರ್ ಬಟ್ಟೆ. ನಂಗೆ ಬಿದ್ದಿದ್ದು ಸಾವಿರದ ಚಿಲ್ರೆ.

ಇದನ್ನ ಯಾಕೆ ತರಿಸಬೇಕಾಯ್ತು ಅಂದ್ರೆ ಚಿಕ್ಕಮಗಳೂರಲ್ಲಿ ಸ್ಟುಡಿಯೋಗೇನೂ ಬರ ಇಲ್ಲ, ಎಂ.ಜಿ. ರೋಡು ಐ.ಜಿ. ರೋಡು ಕಡೆ ಒಂದು ರೌಂಡ್ ಹಾಕಿದ್ರೆ ಸಾಕು, ಆದ್ರೆ ಸೆನ್ಸರ್ ಕ್ಲೀನ್ ಮಾಡಿಕೊಡಿ ಅಂತ ನಾನು ಕೇಳಿದ ಕಡೆಯೆಲ್ಲ ಒಂದೇ ಉತ್ರ, "ಬಿಟ್ಟೋಗಿ ಸಾರ್, ಬೆಂಗ್ಳೂರಿಗೆ ಕಳ್ಸಿ ಮಾಡ್ಸಿಕೊಡ್ತೀವಿ, ಒಂದು ಹದಿನೈದು ದಿನ ಆಗುತ್ತೆ". ಮದುವೆ ಸೀಸನ್‌ನಲ್ಲಿ ಹದಿನೈದು ದಿನ ಕ್ಯಾಮೆರಾ ಬಾಡಿ ಕೈಬಿಟ್ಟು ಕೂರೋಕೆ ಯಾರಿಗಾಗುತ್ತೆ ಮಾರಾಯ್ರೆ. ನಾವೇ ತಗೊಂಡು ಹೋಗೋಣ ಅಂದ್ರೂ ಬೆಂಗ್ಳೂರು ಇಲ್ಲಿಂದ ಹತ್ತಿರ ಹತ್ತಿರ ಇನ್ನೂರೈವತ್ತು ಕಿಲೋಮೀಟರು, ಹೋಗಿ ಬಂದು ಊಟ ಬಸ್ ಚಾರ್ಜು ಲೆಕ್ಕ ಹಾಕಿದ್ರೆ ಅದೇ ಕಾಸಿಗೆ ಇಂಥ ಕಿಟ್ ಎರಡು ಬರುತ್ತೆ. ಇನ್ನೊಬ್ಬ ಫ್ರೆಂಡ್ ಪಕ್ಕದೂರಲ್ಲಿ ಯಾವ್ದೋ ಅಂಗಡಿಗೆ ಕೊಟ್ಟಿದ್ದ, ಅಲ್ಲಿಯ ಹುಡುಗ ಮೊಬೈಲ್ ರಿಪೇರಿಗೆ ಇಟ್ಕೊಂಡಿರೋ ಏರ್ ಕಂಪ್ರೆಸರ್ ಪೈಪನ್ನೇ ಬಾಡಿ ಒಳಗೆ ಬಿಟ್ಟು ಬುಸ್ ಅನ್ನಿಸಿದಾನೆ. ಕಂಪ್ರೆಸರ್ ಗಾಳಿ ಜೊತೆ ನೀರಿನಂಶ ಬರುತ್ತೆ, ಎಣ್ಣೆ ಅಂಶನೂ ಬರುತ್ತೆ. ಮೊದ್ಲು ನಾಲ್ಕು ಚುಕ್ಕೆ ಇತ್ತು, ವಾಪಸ್ ಬಂದಾಗ ಸೀರೆ ಮೇಲಿನ ಬುಟ್ಟಾ ತರ ತುಂಬ್ಕೊಂಡಿತ್ತು. ಡಬ್ಬಿಲಿ ಬರೋ ಕಂಪ್ರೆಸ್ಡ್ ಏರ್ ಸ್ಪ್ರೇನೂ ಅಷ್ಟೇ, ಡಬ್ಬಿ ಸ್ವಲ್ಪ ಓರೆ ಆದ್ರೆ ಗಾಳಿ ಬದಲು ಒಳಗಿರೋ ಲಿಕ್ವಿಡ್ಡೇ ಚಿಮ್ಮುತ್ತೆ, ಹತ್ರ ಸೇರಿಸಬೇಡಿ.

ನಮ್ಮ ಕಡೆ ಧೂಳಿನ ಕತೆ ಸ್ವಲ್ಪ ಬೇರೆನೇ. ಬೇಸಿಗೆಲಿ ಮುತ್ತೋಡಿ ಸಫಾರಿಗೆ ಹೋಗಿ, ಇಲ್ಲ ಝರಿ ಫಾಲ್ಸ್‌ಗೆ ಜೀಪ್ ಹತ್ತಿ, ಮುಂದಿನ ಜೀಪಿನ ಕೆಮ್ಮಣ್ಣೆಲ್ಲ ನಿಮ್ಮ ತಲೆ ಮೇಲೆ. ಡಿಸೆಂಬರ್ ಜನವರಿಲಿ ಕಾಫಿ ಕಣದಲ್ಲಿ ಫೋಟೋ ತೆಗೆಯೋಕೆ ಹೋದ್ರೆ ಒಣಗಿದ ಚೆರ್ರಿ ಸಿಪ್ಪೆ ಪುಡಿ, ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಹೂಮಳೆ ಬಿದ್ದು ತೋಟ ಪೂರ್ತಿ ಬೆಳ್ಳಗಾದಾಗ ಪರಾಗ, ಕಡೂರು ಬೀರೂರು ಕಡೆ ಇಳಿದ್ರೆ ಬಯಲುಸೀಮೆ ಬಿಳಿ ಧೂಳು. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರ, ಅಲ್ಲಿ ಗಾಳಿ ಹೆಂಗಿರುತ್ತೆ ಅಂತ ಹೋದೋರಿಗೇ ಗೊತ್ತು, ಅಲ್ಲೇ ನಿಂತು ಲೆನ್ಸ್ ಚೇಂಜ್ ಮಾಡೋ ಪುಣ್ಯಾತ್ಮರನ್ನೂ ನೋಡಿದೀನಿ. 2022ರಲ್ಲಿ ಗಿರಿ ಮೇಲೆ ಕುರಿಂಜಿ ಅರಳಿದಾಗ ಮ್ಯಾಕ್ರೋ ಹಾಕು ವೈಡ್ ಹಾಕು ಅಂತ ಅಲ್ಲೇ ಬಿಚ್ಚಿ ಹಾಕಿ ಮಾಡ್ತಿದ್ದೋರ ಸೆನ್ಸರ್‌ಗಳೆಲ್ಲ ಆಮೇಲೆ ಏನಾಯ್ತೋ ದೇವರೇ ಬಲ್ಲ.

ಇಷ್ಟೇ ಆಗಿದ್ರೆ ಬ್ಲೋವರ್ ಸಾಕಾಗ್ತಿತ್ತು. ತೊಂದ್ರೆ ಶುರುವಾಗೋದು ಜೂನ್‌ನಲ್ಲಿ. ಬೇಸಿಗೆ ಧೂಳು ಸೆನ್ಸರ್ ಮೇಲೆ ಒಣಗಿ ಕೂತಿರುತ್ತೆ, ಮಳೆಗಾಲ ಬಂತು, ಮನೆ ಒಳಗೆ ಬಟ್ಟೆನೇ ಒಣಗಲ್ಲ, ಚಪ್ಪಲಿ ಮೇಲೆ ಬೂಸ್ಟು ಬರುತ್ತೆ, ಆ ತೇವಕ್ಕೆ ಧೂಳು ನೆಂದು ಮತ್ತೆ ಒಣಗಿ ಸೆನ್ಸರ್ ಮುಂದಿನ ಗಾಜಿಗೆ ಕಚ್ಕೊಂಡು ಬಿಡುತ್ತೆ. ಪರಾಗ ಅಂತೂ ಮೊದ್ಲೇ ಅಂಟು. ಹಿಂಗೆ ಕಚ್ಚಿರೋದು ಗಾಳಿಗೆ ಜಗ್ಗಲ್ಲ, ಕ್ಯಾಮೆರಾ ಆನ್ ಆಫ್ ಮಾಡಿದಾಗ ಅದು ತಾನೇ ಸೆನ್ಸರ್ ಅಲುಗಾಡಿಸುತ್ತಲ್ಲ ಅದಕ್ಕೂ ಜಗ್ಗಲ್ಲ. ಆ ಅಲುಗಾಡಿಸೋ ಐಡಿಯಾ ತಂದಿದ್ದು 2003ರಲ್ಲಿ ಒಲಿಂಪಸ್ ಇ-1, ಕ್ಯಾನನ್‌ನೋರು 2006ರಲ್ಲಿ 400ಡಿಗೆ ಹಾಕಿದ್ರು, ಈಗ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಇದೆ. ಒಣ ಧೂಳಿಗೆ ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಮಲೆನಾಡಲ್ಲಿ ಒಂದು ಮಳೆಗಾಲ ಕಳೆದ ಕ್ಯಾಮೆರಾಗೆ ಸ್ವಾಬ್ ಬಿಟ್ರೆ ಬೇರೆ ದಾರಿ ಇಲ್ಲ, ಇದು ನನ್ನ ಖಚಿತ ಅಭಿಪ್ರಾಯ.

ನಂದು ನಿಕಾನ್ ಡಿ750, ಫುಲ್ ಫ್ರೇಮ್, ಅಂದ್ರೆ ದೊಡ್ಡ ಸೆನ್ಸರ್‌ದು. ಬೇಲೂರು ಚೆನ್ನಕೇಶವ ದೇವಸ್ಥಾನದ ಒಳಗೆ ನವರಂಗದ ಕಂಬಗಳನ್ನ ಎಫ್ 2.8ರಲ್ಲಿ, ಅಂದ್ರೆ ಲೆನ್ಸಿನ ಬೆಳಕಿನ ಕಿಂಡಿ ಅಗಲ ಬಿಟ್ಟು, ತೆಗೆದಾಗ ಒಂದು ಚುಕ್ಕೆನೂ ಕಾಣಲ್ಲ, ಅದೇ ದಿನ ಸಂಜೆ ಹಿರೇಕೊಳಲೆ ಕೆರೆ ಹತ್ರ ಟ್ರೈಪಾಡ್ ಇಟ್ಟು ಎಫ್ 16ರಲ್ಲಿ, ಆ ಕಿಂಡಿ ಸಣ್ಣ ಮಾಡಿ, ಆಕಾಶ ತೆಗೆದ್ರೆ ಮೇಲ್ಗಡೆ ಎಲ್ಲ ಬೂದು ಬೂದು ಬೊಟ್ಟು. ತುಂಬಾ ಜನ ಇದನ್ನ ನೋಡಿ ಲೆನ್ಸ್ ಹಾಳಾಗಿದೆ ಅಂದ್ಕೊಳ್ತಾರೆ. ಧೂಳು ನಿಜವಾಗ್ಲೂ ಸೆನ್ಸರ್ ಮೇಲೆ ಇರಲ್ಲ, ಅದರ ಮುಂದೆ ಇರೋ ಫಿಲ್ಟರ್ ಗಾಜಿನ ಮೇಲೆ ಇರುತ್ತೆ, ನಡುವೆ ಕೂದಲೆಳೆಯಷ್ಟು ಜಾಗ. ಆ ಕಿಂಡಿ, ಅಂದ್ರೆ ಅಪರ್ಚರ್, ದೊಡ್ಡದಿದ್ದಾಗ ಬೆಳಕು ಎಲ್ಲಾ ಕಡೆಯಿಂದ ಬರೋದ್ರಿಂದ ಧೂಳಿನ ನೆರಳು ಹರಡ್ಕೊಂಡು ಮಾಯ ಆಗುತ್ತೆ, ಸಣ್ಣದು ಮಾಡಿದ್ರೆ ಬೆಳಕು ನೇರವಾಗಿ ಬಂದು ನೆರಳು ಗಟ್ಟಿಯಾಗಿ ಬೀಳುತ್ತೆ. ಅದಕ್ಕೇ ಪೋರ್ಟ್ರೇಟ್ ಮಾತ್ರ ತೆಗೆಯೋರಿಗೆ ವರ್ಷಗಟ್ಲೆ ಗೊತ್ತೇ ಆಗಲ್ಲ, ಲ್ಯಾಂಡ್‌ಸ್ಕೇಪ್‌ನೋರು ಒದ್ದಾಡ್ತಾರೆ. ಎರಡು ಫೋಟೋ ಆದ್ರೆ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಒರೆಸ್ಕೋಬಹುದು, ಒಂದು ಮದುವೆ ಆಲ್ಬಮ್‌ನ ಔಟ್‌ಡೋರ್ ಫೋಟೋ ಎಲ್ಲಾ ಒರೆಸೋಕೆ ಕೂತ್ರೆ ಹುಡುಗ ಹುಡುಗಿಗೆ ಮಗು ಹುಟ್ಟಿರುತ್ತೆ.

ಟೆಸ್ಟ್ ಮಾಡೋದು ಸುಲಭ. ಐಎಸ್‌ಒ 100, ಎಫ್ 22, ಫೋಕಸ್ ಮ್ಯಾನ್ಯುಯಲ್‌ಗೆ ಹಾಕಿ ಬೇಕಂತಲೇ ಔಟ್ ಮಾಡಿ, ಸುಣ್ಣ ಹೊಡೆದ ಗೋಡೆನೋ ಮೋಡ ಕವಿದ ಆಕಾಶನೋ ತೆಗೀರಿ, ಎಕ್ಸ್‌ಪೋಷರ್ ನಡೀತಿದ್ದಾಗ ಕೈ ಅಲ್ಲಾಡಿದ್ರೂ ಪರವಾಗಿಲ್ಲ, ಅಲ್ಲಾಡಿದ್ರೇ ಒಳ್ಳೇದು, ಗೋಡೆ ಮೇಲಿನ ಕಲೆ ಮಸುಕಾಗುತ್ತೆ ಸೆನ್ಸರ್ ಕಲೆ ಮಾತ್ರ ಅಲ್ಲೇ ಇರುತ್ತೆ. ಇನ್ನೊಂದು ವಿಷ್ಯ, ಫೋಟೋದಲ್ಲಿ ಮೇಲೆ ಎಡಗಡೆ ಕಂಡ ಚುಕ್ಕೆ, ಲೆನ್ಸ್ ಬಿಚ್ಚಿ ಎದುರಿಂದ ನೋಡಿದ್ರೆ ಕೆಳಗೆ ಎಡಗಡೆ ಇರುತ್ತೆ. ಮೇಲೆ ಕೆಳಗೆ ಅದಲುಬದಲು, ಎಡ ಬಲ ಹಾಗೇ. ಇದು ಗೊತ್ತಿಲ್ದೆ ಮೇಲ್ಗಡೆನೇ ಉಜ್ಜಿ ಉಜ್ಜಿ ಚುಕ್ಕೆ ಹೋಗ್ತಿಲ್ಲ ಅಂತ ಒಂದು ಸ್ಟಾರ್ ಕೊಟ್ಟೋರೂ ಇದಾರೆ, ಪಾಪ ಕಿಟ್‌ದೇನು ತಪ್ಪು.

ಈಗ ಬ್ಲೋವರ್ ವಿಷ್ಯಕ್ಕೆ ಬರ್ತೀನಿ. ಮೊದಲ ಕೆಲಸ ಯಾವತ್ತಿದ್ರೂ ಗಾಳಿ ಹೊಡೆಯೋದು, ಧೂಳಿನ ಕಣ ಇಟ್ಕೊಂಡೇ ಮೇಲೆ ಸ್ವಾಬ್ ಎಳೆದ್ರೆ ಗಾಜಿಗೆ ಗೀರು ಬೀಳುತ್ತೆ. ಕಿಟ್‌ನಲ್ಲಿ ಬಂದ ಬ್ಲೋವರ್ ಕೈಗೆ ತಗೊಂಡಾಗ್ಲೇ ಹೊಸ ಟ್ಯೂಬ್ ಚಪ್ಪಲಿ ವಾಸ್ನೆ. ಅನುಮಾನ ಬಂದು ಮೊದ್ಲು ಮೊಬೈಲ್ ಸ್ಕ್ರೀನ್ ಒರೆಸಿ ಆಫ್ ಮಾಡಿ ಟೇಬಲ್ ಮೇಲಿಟ್ಟು ಅದರ ಮೇಲೆ ಒತ್ತಿ ನೋಡಿದೆ. ಕಪ್ಪು ಸ್ಕ್ರೀನ್ ಮೇಲೆ ಬೆಳ್ಳಗೆ ಪುಡಿ, ರಬ್ಬರ್ ಅಂಟ್ಕೊಳ್ದೆ ಇರ್ಲಿ ಅಂತ ಒಳಗೆ ಹಾಕೋ ಪೌಡರ್ ಇರಬೇಕು, ಇನ್ನೂ ಒತ್ತಿದಷ್ಟೂ ಬರ್ತಾನೇ ಇದೆ. ಇದನ್ನ ಸೆನ್ಸರ್ ಕ್ಲೀನ್ ಮಾಡೋಕೆ ಅಂತ ಡಬ್ಬಿಗೆ ಹಾಕಿ ಕಳ್ಸಿದಾರಲ್ಲ, ಯಾರಿಗೆ ಹೇಳೋಣ. ಅದು ಈಗ ನಮ್ಮನೆ ಕೀಬೋರ್ಡ್ ಸಂದಿಲಿ ಬಿದ್ದ ಅವಲಕ್ಕಿ ಚೂರು ಊದೋಕೆ ಉಪಯೋಗ ಆಗ್ತಿದೆ. ನಾನು ಬಳಸೋದು ಜಿಯೋಟೋಸ್ ರಾಕೆಟ್ ಬ್ಲೋವರ್, ಹೆಸರಿಗೆ ತಕ್ಕಂಗೆ ರಾಕೆಟ್ ಶೇಪ್, ಗಾಳಿ ಹಿಂದಿನ ವಾಲ್ವ್‌ನಿಂದ ಒಳಗೆ ಹೋಗಿ ಮುಂದಿನ ಮೂತಿಯಿಂದ ಹೊರಗೆ ಬರುತ್ತೆ, ಅಂದ್ರೆ ಎಬ್ಬಿಸಿದ ಧೂಳನ್ನೇ ಮತ್ತೆ ಎಳ್ಕೊಂಡು ಮತ್ತೆ ಅಲ್ಲೇ ಊದಲ್ಲ. ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡ್ಕೊಂಡು ಹೊಡೀರಿ, ಬಿದ್ದಿದ್ದು ಕೆಳಗೆ ಬೀಳುತ್ತೆ. ಮೂತಿ ಗಾಜಿಗೆ ತಾಗಿಸಬೇಡಿ. ಬಾಯಲ್ಲಿ ಉಫ್ ಅಂತ ಊದೋರು ದಯವಿಟ್ಟು ಊದಬೇಡಿ, ಎಂಜಲು ಹಾರುತ್ತೆ, ಅದರ ಕಲೆ ಧೂಳಿಗಿಂತ ಹಠಮಾರಿ.

ಸ್ವಾಬ್ ಮಾತ್ರ ಈ ದುಡ್ಡಿಗೆ ನಿಜವಾಗ್ಲೂ ಚೆನ್ನಾಗಿದೆ. ಒಂದೊಂದೂ ಬೇರೆ ಬೇರೆ ಸೀಲ್ ಆಗಿರೋ ಕವರ್‌ನಲ್ಲಿ ಬರುತ್ತೆ, ಪ್ಲಾಸ್ಟಿಕ್ ಕಡ್ಡಿ, ತುದಿಲಿ ಚಪ್ಪಟೆ ಅಲಗು, ಅದರ ಮೇಲೆ ನೂಲು ಬಿಡದ ಬಟ್ಟೆ. ಅಂಚು ಶಾಖ ಕೊಟ್ಟು ಕರಗಿಸಿ ಮುಚ್ಚಿರೋದ್ರಿಂದ ದಾರ ಎಲ್ಲೂ ಎದ್ದಿಲ್ಲ, ಲೂಪ್ (ಭೂತಗನ್ನಡಿ) ಹಾಕಿ ನೋಡಿದೆ. ನನ್ನ ಡಬ್ಬಿಲಿ ಒಂದರ ಸೀಲ್ ಮಾತ್ರ ಬಿಟ್ಟಿತ್ತು, ಅದನ್ನ ಸೆನ್ಸರ್‌ಗೆ ಹಾಕ್ದೆ ಬೇರೆ ಕೆಲ್ಸಕ್ಕೆ ಇಟ್ಟೆ, ಅದಕ್ಕೇ ಒಂದು ಸ್ಟಾರ್ ಕಟ್. ಸೈಜ್ ನೋಡಿ ಆರ್ಡರ್ ಮಾಡಿ, ಇದು ಮುಖ್ಯ. ಫುಲ್ ಫ್ರೇಮ್ ಸೆನ್ಸರ್ 36 ಮಿಮೀ ಅಗಲ 24 ಮಿಮೀ ಎತ್ತರ, ಅದಕ್ಕೆ 24 ಮಿಮೀ ಸ್ವಾಬ್, ಒಂದೇ ಎಳೆತಕ್ಕೆ ಮೇಲಿಂದ ಕೆಳಗಿನ ತನಕ ಪೂರ್ತಿ ಸಿಗುತ್ತೆ. ಎಪಿಎಸ್-ಸಿ ಬಾಡಿಗೆ, ಅಂದ್ರೆ ಸಣ್ಣ ಸೆನ್ಸರ್ ಇರೋ ನಿಕಾನ್ ಡಿ5600, ಕ್ಯಾನನ್ 200ಡಿ ತರದ್ದಕ್ಕೆ, 16 ಮಿಮೀದು. ದೊಡ್ಡದೇ ತಗೊಂಡ್ರೆ ಎರಡಕ್ಕೂ ಆಗುತ್ತೆ ಅಂದ್ಕೊಂಡ್ರೆ ಸಣ್ಣ ಸೆನ್ಸರ್‌ನಲ್ಲಿ ಅದು ಮಲಗೋದೇ ಇಲ್ಲ, ಅಂಚಿಗೆ ಸಿಕ್ಕಾಕ್ಕೊಳ್ಳುತ್ತೆ.

ಮಾಡೋ ವಿಧಾನ ಹೇಳ್ತೀನಿ, ಕಿಟ್ ಜೊತೆ ಬಂದ ಚೀಟಿಲಿ ಇರೋ ಇಂಗ್ಲಿಷ್ ಯಾರಿಗೂ ಅರ್ಥ ಆಗಲ್ಲ. ಬ್ಯಾಟ್ರಿ ಫುಲ್ ಚಾರ್ಜ್ ಇರ್ಲಿ. ನಿಕಾನ್ ಸೆಟಪ್ ಮೆನುವಲ್ಲಿ ಕ್ಲೀನಿಂಗ್‌ಗೆ ಅಂತ ಸೆನ್ಸರ್ ಮುಂದಿರೋ ಮಿರರ್ (ಕನ್ನಡಿ) ಎತ್ತಿ ಲಾಕ್ ಮಾಡೋ ಆಪ್ಷನ್ ಇದೆ, ಚಾರ್ಜ್ ಕಮ್ಮಿ ಇದ್ರೆ ಆ ಆಪ್ಷನ್ನೇ ಮಂಕಾಗಿರುತ್ತೆ, ನಡುವೆ ಚಾರ್ಜ್ ಇಳಿದ್ರೆ ಬೀಪ್ ಹೊಡೆದು ಲೈಟ್ ಮಿನುಗಿಸಿ ಸುಮಾರು ಎರಡು ನಿಮಿಷ ಟೈಮ್ ಕೊಟ್ಟು ಮಿರರ್ ಇಳಿಸುತ್ತೆ. ಬಲ್ಬ್ ಮೋಡ್‌ನಲ್ಲಿ (ಬಟನ್ ಒತ್ತಿರೋ ತನಕ ಸೆನ್ಸರ್ ಮುಂದಿನ ಪರದೆ, ಅಂದ್ರೆ ಶಟರ್, ತೆರೆದಿರುತ್ತೆ) ಬಟನ್ ಒತ್ತಿ ಹಿಡ್ಕೊಂಡು ಇನ್ನೊಂದು ಕೈಲಿ ಒರೆಸ್ತೀನಿ ಅನ್ನೋ ಸಾಹಸ ಬೇಡ, ಬೆರಳು ಜಾರಿದ್ರೆ ಮಿರರ್ರು ಶಟರ್ರು ಎರಡೂ ಸ್ವಾಬ್ ಮೇಲೆ.

ಸ್ವಾಬ್ ಅಂಚಿಗೆ ಎರಡು ಹನಿ. ಎರಡೇ, ಮೂರನೇದು ಬೇಡ. ಹಾಕಿದ ತಕ್ಷಣ ಒಳಗೆ ಇಳಿಸಬೇಡಿ, ಬಟ್ಟೆ ಹೀರ್ಕೊಳ್ಳೋಕೆ ಸ್ವಲ್ಪ ಹೊತ್ತು ಬಿಡಿ. ಸೆನ್ಸರ್ ಎಡ ಅಂಚಿಗೆ ನೆಟ್ಟಗೆ ಇಟ್ಟು, ಎಳೆಯೋ ದಿಕ್ಕಿಗೆ ಸ್ವಲ್ಪ ವಾಲಿಸಿ, ಅಲಗು ಚೂರೇ ಚೂರು ಬಾಗುವಷ್ಟು ಒತ್ತಿ, ಬಲ ಅಂಚಿನ ತನಕ ಒಂದೇ ಸಮ ಎಳೀರಿ. ನಡುವೆ ನಿಲ್ಲಿಸಿದ್ರೆ ನಿಂತ ಜಾಗದಲ್ಲಿ ಗೆರೆ ಉಳಿಯುತ್ತೆ. ಅಂಚಿಗೆ ಬಂದ ಮೇಲೆ ಎತ್ತಿ, ಸ್ವಾಬ್ ತಿರುಗಿಸಿ ಕ್ಲೀನಾಗಿರೋ ಮಗ್ಗುಲಲ್ಲಿ ಬಲದಿಂದ ಎಡಕ್ಕೆ. ಅಲ್ಲಿಗೆ ಆ ಸ್ವಾಬ್ ಕತೆ ಮುಗೀತು, ಡಸ್ಟ್‌ಬಿನ್‌ಗೆ. ತೊಳೆದು ಇನ್ನೊಂದು ಸಲ ಬಳಸ್ತೀನಿ ಅನ್ನೋ ಉಳಿತಾಯ ಇಲ್ಲಿ ನಡೆಯಲ್ಲ. ನನ್ನ ಬಾಡಿಲಿ ಮೊದಲ ಸ್ವಾಬ್‌ಗೆ ಬಹುಪಾಲು ಚುಕ್ಕೆ ಹೋಯ್ತು, ಆದ್ರೆ ಬಲ ಅಂಚಲ್ಲಿ ಸಾಲಾಗಿ ಹೊಸ ಕಲೆ, ಸ್ವಾಬ್ ತಳ್ಕೊಂಡು ಹೋಗಿದ್ದೆಲ್ಲ ಅಲ್ಲಿ ಕೂತಿತ್ತು. ಎರಡನೇದಕ್ಕೆ ಅದೂ ಹೋಯ್ತು. ಮಧ್ಯ ಇದ್ದ ಒಂದು ದಪ್ಪ ಹಳದಿ ಚುಕ್ಕೆ, ಪರಾಗನೇ ಅಂತ ನನ್ನ ಲೆಕ್ಕ, ಅದೊಂದು ಮೂರನೇ ಸ್ವಾಬ್ ತನಕ ಹಠ ಹಿಡೀತು.

ಲಿಕ್ವಿಡ್ ಬಗ್ಗೆ ನನಗೆ ತಕರಾರಿದೆ. ಬಾಟ್ಲು ಮೇಲೆ ಏನೇನು ಹಾಕಿದಾರೆ ಅಂತಲೇ ಬರೆದಿಲ್ಲ, ಒಣಗೋದು ನಿಧಾನ, ಒಣಗಿದ ಮೇಲೆ ಎಫ್ 22ರಲ್ಲಿ ನೋಡಿದ್ರೆ ತೆಳ್ಳಗೆ ಒಂದು ಪೊರೆ ತರ ಗುರುತು. ಅದನ್ನ ತೆಗೆಯೋಕೆ ಮತ್ತೆ ಒಂದು ಒಣ ಸ್ವಾಬ್ ಖರ್ಚು. ಫೋಟೋಗ್ರಫಿಕ್ ಸೊಲ್ಯೂಷನ್ಸ್‌ನೋರ ಎಕ್ಲಿಪ್ಸ್ ಅಂತ ಒಂದು ಲಿಕ್ವಿಡ್ ಬರುತ್ತೆ, ಅದು ಮೆಥನಾಲ್, ಹಾಕಿದ್ದು ನೋಡ್ತಾ ನೋಡ್ತಾ ಆರಿ ಹೋಗುತ್ತೆ, ಗುರುತು ಉಳಿಯಲ್ಲ, ರೇಟ್ ಜಾಸ್ತಿ ಆದ್ರೂ ಎರಡೆರಡು ಹನಿ ಲೆಕ್ಕದಲ್ಲಿ ಬಾಟ್ಲು ಸುಮಾರು ಕಾಲ ಬರುತ್ತೆ. ಮೆಥನಾಲ್ ವಿಷ, ಬೆಂಕಿನೂ ಬೇಗ ಹತ್ತುತ್ತೆ, ಮಕ್ಕಳ ಕೈಗೆ ಸಿಗದ ಕಡೆ ಇಡಿ, ದೇವರ ಮನೆ ದೀಪದ ಪಕ್ಕ ಕೂತು ಈ ಕೆಲಸ ಬೇಡ. ಮತ್ತೆ ಯಾರೋ ಸ್ಯಾನಿಟೈಸರ್ ಹಾಕಿ ಒರೆಸಿ ಅಂತ ವಿಡಿಯೋ ಬಿಟ್ಟಿದಾರಂತೆ, ಸ್ಯಾನಿಟೈಸರ್‌ನಲ್ಲಿ ಕೈ ಒಣಗದಿರಲಿ ಅಂತ ಗ್ಲಿಸರಿನ್ ಹಾಕಿರ್ತಾರೆ, ಅದು ಗಾಜಿನ ಮೇಲೆ ಜಿಡ್ಡಾಗಿ ಕೂರುತ್ತೆ.

ಎಣ್ಣೆ ಚುಕ್ಕೆ ಅಂತ ಇನ್ನೊಂದಿದೆ. ಶಟರ್‌ಗೆ ಹಾಕಿರೋ ಗ್ರೀಸು ಸಣ್ಣಗೆ ಹಾರಿ ಗಾಜಿನ ಮೇಲೆ ಬೀಳುತ್ತೆ, ಹೊಸ ಡಿಎಸ್ಎಲ್ಆರ್‌ನಲ್ಲಿ (ಮಿರರ್ ಇರೋ ಕ್ಯಾಮೆರಾ) ಜಾಸ್ತಿ. 2012ರಲ್ಲಿ ಬಂದ ನಿಕಾನ್ ಡಿ600 ಇದೇ ವಿಷ್ಯಕ್ಕೆ ಹೆಸರು ಕೆಡಿಸ್ಕೊಂಡಿತ್ತು, ಮಾರನೇ ವರ್ಷನೇ ಡಿ610 ಬಂತು. ಧೂಳಿನ ಚುಕ್ಕೆ ಅಡ್ಡಾದಿಡ್ಡಿ ಇರುತ್ತೆ, ಎಣ್ಣೆದು ದುಂಡಗೆ, ನಡುವೆ ತಿಳಿ, ಸುತ್ತ ಉಂಗುರ. ಇದಕ್ಕೆ ಬ್ಲೋವರ್ ಎಷ್ಟು ಹೊಡೆದ್ರೂ ದಂಡ, ಒದ್ದೆ ಸ್ವಾಬೇ ಬೇಕು. ಸೆಕೆಂಡ್‌ಹ್ಯಾಂಡ್ ಬಾಡಿ ತಗೊಳ್ಳೋರು ದುಡ್ಡು ಕೊಡೋ ಮುಂಚೆ ಒಂದು ಎಫ್ 22 ಫೋಟೋ ತೆಗೆದು ನೋಡ್ಕೊಳ್ಳಿ, ಮಾರೋರು ಬೇಡ ಅನ್ನಲ್ಲ, ಬೇಡ ಅಂದ್ರೆ ಆ ಬಾಡಿನೇ ಬೇಡ.

ಯಾವಾಗ ಮಾಡ್ಬೇಕು, ಎಲ್ಲಿ ಮಾಡ್ಬೇಕು ಅಂತ ಕೇಳ್ತಾರೆ. ಮಳೆ ಹಿಡಿದ ಮಧ್ಯಾಹ್ನ ನನ್ನ ಆಯ್ಕೆ, ಗಾಳಿಲಿ ಧೂಳು ಇರಲ್ಲ, ಫ್ಯಾನ್ ಹಾಕೋ ಸೆಕೆನೂ ಇರಲ್ಲ. ಬಾತ್‌ರೂಮಲ್ಲಿ ಬಿಸಿನೀರು ಬಿಟ್ಟು ಆವಿ ಜೊತೆ ಗಾಳಿಲಿರೋ ಧೂಳೂ ಕೆಳಗೆ ಇಳಿದ ಮೇಲೆ ಮಾಡಿ ಅಂತ ಬುಕ್ಕಲ್ಲೆಲ್ಲ ಬರೀತಾರೆ, ಟೈಲ್ಸ್ ಹಾಕಿದ ಗೀಸರ್ ಬಾತ್‌ರೂಮಿಗೆ ಅದು ಸರಿ. ನಮ್ಮ ತೋಟದ ಮನೆಗಳ ಬಚ್ಚಲಲ್ಲಿ ಹಂಡೆ ಒಲೆ ಉರೀತಿರುತ್ತೆ, ಅಲ್ಲಿ ಲೆನ್ಸ್ ಬಿಚ್ಚಿದ್ರೆ ಬೂದಿ ಹೊಗೆ ಎರಡೂ ಫ್ರೀ. ಜೊತೆಗೆ ನಾಯಿ ಬೆಕ್ಕು ಇರೋರು ಬಾಗ್ಲು ಹಾಕ್ಕೊಳ್ಳಿ, ಉಣ್ಣೆ ಸ್ವೆಟರ್ ಬಿಚ್ಚಿಡಿ.

ನನ್ನ ಚಿಕ್ಕಪ್ಪನ ಮಗನ ಮಿರರ್‌ಲೆಸ್‌ಗೂ ಇದೇ ಕಿಟ್ ಹಾಕಿದ್ವಿ. ಮಿರರ್ ಇಲ್ಲದ ಕಾರಣ ಲೆನ್ಸ್ ಬಿಚ್ಚಿದ ತಕ್ಷಣ ಸೆನ್ಸರ್ ಎದುರಿಗೇ ಇರುತ್ತೆ, ಧೂಳು ಬೀಳೋದೂ ಬೇಗ, ಕ್ಲೀನ್ ಮಾಡೋದೂ ಸುಲಭ. ಕ್ಯಾನನ್‌ನೋರು 2018ರ ಇಒಎಸ್ ಆರ್‌ನಲ್ಲಿ ಆಫ್ ಮಾಡಿದಾಗ ಶಟರ್ ಮುಚ್ಚೋ ತರ ಮಾಡಿದ್ರು, ಒಳ್ಳೇ ಐಡಿಯಾ, ಆದ್ರೆ ಆ ಶಟರ್ ಎಲೆ ಮುಟ್ಟೋಕೆ ಹೋಗಬೇಡಿ, ಅದು ಸೆನ್ಸರ್ ಗಾಜಿಗಿಂತ ಸೂಕ್ಷ್ಮ. ಬಾಡಿ ಒಳಗೇ ಸ್ಟೆಬಿಲೈಸೇಷನ್ (ಕೈ ನಡುಕ ಸರಿದೂಗಿಸೋ ವ್ಯವಸ್ಥೆ) ಇರೋ ಕ್ಯಾಮೆರಾದಲ್ಲಿ ಸೆನ್ಸರ್ ತೇಲ್ತಾ ಇರೋ ಹಂಗೆ ಅಲ್ಲಾಡುತ್ತೆ, ಸ್ವಾಬ್ ಇಟ್ಟಾಗ ಸ್ವಲ್ಪ ಜರುಗಿದ ಹಾಗೆ ಅನ್ಸುತ್ತೆ, ಗಾಬರಿ ಬಿದ್ದು ಗಟ್ಟಿ ಒತ್ತಬೇಡಿ, ಕೈ ಹಗುರ ಇಟ್ಟು ಎಳೀರಿ. ಕ್ಯಾಮೆರಾ ಮೆನುವಲ್ಲಿ ಕ್ಲೀನಿಂಗ್ ಮೋಡ್ ಇದ್ರೆ ಅದನ್ನೇ ಬಳಸಿ.

ವಾರಂಟಿ ಒಳಗಿರೋ ಬಾಡಿ ಆದ್ರೆ ಸರ್ವೀಸ್ ಸೆಂಟರ್‌ಗೇ ಕೊಡಿ, ನಾವು ಗೀರಿದ್ರೆ ಅವರು ವಾರಂಟಿಲಿ ಮಾಡಿಕೊಡಲ್ಲ. ವಾರಂಟಿ ಮುಗಿದಿದ್ರೆ, ವರ್ಷಕ್ಕೊಂದು ಸಲ, ಮಳೆ ಮುಗಿದು ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತೋ ಹೊತ್ತಿಗೆ ಮಾಡ್ಕೊಂಡ್ರೆ ಧಾರಾಳ ಸಾಕು. ಪದೇ ಪದೇ ಒರೆಸೋದು ಕ್ಯಾಮೆರಾಗೂ ಒಳ್ಳೇದಲ್ಲ ಜೇಬಿಗೂ ಒಳ್ಳೇದಲ್ಲ. ತಗೊಳ್ಳೋದಾದ್ರೆ ಕಿಟ್ ಬದಲು ನಿಮ್ಮ ಸೈಜಿನ ಸ್ವಾಬ್ ಮಾತ್ರ ಇರೋ ರಿಫಿಲ್ ಪ್ಯಾಕ್, ಒಂದು ಒಳ್ಳೇ ಲಿಕ್ವಿಡ್, ಒಂದು ದೊಡ್ಡ ಬ್ಲೋವರ್ ಬೇರೆ ಬೇರೆ ತಗೊಳ್ಳಿ, ಒಟ್ಟು ಲೆಕ್ಕ ಸ್ವಲ್ಪ ಜಾಸ್ತಿ ಬರುತ್ತೆ, ಆದ್ರೆ ಬ್ಲೋವರ್ ಒಂದು ಸಲ ತಗೊಂಡ್ರೆ ಮುಗೀತು.

ನಮ್ಮ ಬೀದಿ ಸ್ಟುಡಿಯೋ ಅಣ್ಣನಿಗೆ ಸುದ್ದಿ ಗೊತ್ತಾಗಿ, "ನಂದೂ ಎರಡು ಬಾಡಿ ಇದೆ ಮಾರಾಯ, ಒಂದು ಕೈ ನೋಡು" ಅಂತ ದಿನಾ ಬೆನ್ನು ಬಿದ್ದಿದಾರೆ. ಮಾಡಿಕೊಡ್ತೀನಿ, ಸ್ವಾಬ್ ನೀವೇ ತರಿಸಿ ಅಂದಿದೀನಿ, ಅಲ್ಲಿಂದೀಚೆಗೆ ಅಂಗಡಿ ಮುಂದೆ ಹೋದ್ರೆ ಫೋನ್‌ನಲ್ಲಿ ಬಿಜಿ ಇರ್ತಾರೆ.